ದೇಶಗಳು ಮುನಿಸಿಕೊಂಡಾಗ ನಗರಗಳ ನಂಟು ಏನಾಗುತ್ತೆ? ಬ್ರೆಸ್ಟ್ ಬಂದರಿನ ಕಥೆ

ಫ್ರಾನ್ಸಿನ ಪಶ್ಚಿಮದ ತುತ್ತತುದಿಯಲ್ಲಿ ಬ್ರೆಸ್ಟ್ ಎಂಬ ಬಂದರು ನಗರ ಇದೆ. ಬೆಲಾರೂಸ್‌ನಲ್ಲೂ ಒಂದು ಬ್ರೆಸ್ಟ್ ಇದೆ, ಇದು ಅದಲ್ಲ. ಇದು ಬ್ರಿಟನಿ ಪ್ರಾಂತ್ಯದ ಬ್ರೆಸ್ಟ್. ಇದರ ಸಿಸ್ಟರ್ ಸಿಟಿಗಳ, ಅಂದರೆ ಸ್ನೇಹದ ಒಪ್ಪಂದ ಮಾಡಿಕೊಂಡ ಹೊರದೇಶದ ನಗರಗಳ, ಪಟ್ಟಿ ನೋಡಿ: ಇಂಗ್ಲೆಂಡಿನ ಪ್ಲಿಮತ್, ಜರ್ಮನಿಯ ಕೀಲ್, ಇಟಲಿಯ ಟರಾಂಟೊ, ಜಪಾನಿನ ಯೊಕೊಸುಕಾ, ಚೀನಾದ ಚಿಂಗ್‌ಡಾವೊ. ಎಲ್ಲವೂ ನೌಕಾಪಡೆಯ ಊರುಗಳೇ. ಬ್ರೆಸ್ಟ್ ಕೂಡ ಅಂಥದ್ದೇ ಊರಾದ್ದರಿಂದ ಇದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಈ ಎಲ್ಲ ನಂಟುಗಳಿಗಿಂತ ಹಳೆಯದು ಅಮೆರಿಕದ ಡೆನ್ವರ್ ಜೊತೆಗಿನದು. ಅದು 1948ರದ್ದು. ಡೆನ್ವರ್ ಇರೋದು ರಾಕಿ ಪರ್ವತಗಳ ಬುಡದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲೆ. ಅಲ್ಲಿಂದ ಯಾವ ಸಮುದ್ರ ನೋಡಬೇಕೆಂದರೂ ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಹೋಗಬೇಕು. ಬಂದರಿಗೂ ಬೆಟ್ಟದ ಊರಿಗೂ ಎತ್ತಣ ಸಂಬಂಧ?

ಈ ಪ್ರಶ್ನೆಗೆ ಈಗ ಬೆಲೆ ಬಂದಿದೆ. ಕೆಲವು ವರ್ಷಗಳಿಂದ ಸಿಸ್ಟರ್ ಸಿಟಿ ಒಪ್ಪಂದಗಳು ಒಳಪುಟದ ಸುದ್ದಿಯಾಗಿ ಉಳಿದಿಲ್ಲ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ ಯುರೋಪಿನ ಹಲವು ನಗರಗಳು ರಷ್ಯಾದಲ್ಲಿರುವ ತಮ್ಮ ಸಿಸ್ಟರ್ ಸಿಟಿಗಳ ನಂಟನ್ನು ತಡೆಹಿಡಿದವು. ಗಾಜಾ ಯುದ್ಧ ಶುರುವಾದ ಮೇಲೆ ಇಸ್ರೇಲಿ ನಗರಗಳ ಜೊತೆಗಿನ ಒಪ್ಪಂದ ಬೇಕೋ ಬೇಡವೋ ಅಂತ ಪಾಲಿಕೆ ಸಭೆಗಳಲ್ಲಿ ಜಗಳ ನಡೆಯಿತು. ಪಶ್ಚಿಮ ಆಫ್ರಿಕಾದಲ್ಲಿ ಫ್ರಾನ್ಸ್ ಮೇಲಿನ ಸಿಟ್ಟಿಗೆ ಎರಡೂ ಕಡೆಯ ಸಣ್ಣ ಊರುಗಳು ಸಿಕ್ಕಿಬಿದ್ದವು. ಹಾಗಾದರೆ ಇಂಥ ಒಪ್ಪಂದಕ್ಕೆ ನಿಜವಾಗಿ ಏನು ಶಕ್ತಿ ಇದೆ? ಬ್ರೆಸ್ಟ್ ಒಂದೇ ಊರಲ್ಲಿ ಇದಕ್ಕೆ ಬೇರೆಬೇರೆ ಉತ್ತರ ಸಿಗುತ್ತೆ.

ಊರು ಹೋಯಿತು, ಬಂಕರ್ ಉಳಿಯಿತು

ಡೆನ್ವರ್ ಕಥೆಗೆ 1944ರಿಂದ ಶುರು ಮಾಡಬೇಕು. 1940ರಲ್ಲಿ ಬ್ರೆಸ್ಟ್ ಜರ್ಮನರ ಕೈಗೆ ಹೋಗಿತ್ತು. ಮರುವರ್ಷದಿಂದ ಅವರು ಅಲ್ಲಿ ಜಲಾಂತರ್ಗಾಮಿಗಳಿಗೆ ಭಾರೀ ಕಾಂಕ್ರೀಟ್ ಬಂಕರ್ ಕಟ್ಟಿದರು. ಅದನ್ನು ಒಡೆಯಲು ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ವರ್ಷಗಟ್ಟಲೆ ಬಾಂಬು ಹಾಕಿದವು. 1944ರ ಆಗಸ್ಟ್ 7ರಿಂದ ಸೆಪ್ಟೆಂಬರ್ 19ರವರೆಗೆ ಅಮೆರಿಕದ ಸೇನೆ ಊರಿಗೆ ಮುತ್ತಿಗೆ ಹಾಕಿತು. ಜರ್ಮನ್ ಜನರಲ್ ರಾಮ್ಕೆ ಶರಣಾಗುವ ಹೊತ್ತಿಗೆ ಸುಮಾರು 10,000 ಅಮೆರಿಕನ್ ಸೈನಿಕರು ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು.

ಊರಿನ ಜನರ ಪಾಡು ಇನ್ನೂ ಕೆಟ್ಟದ್ದು. ನಗರದ ನಡುಭಾಗದ ಅಡಿಯಲ್ಲಿ ಸಾದಿ ಕಾರ್ನೋ ಎಂಬ ಸುರಂಗ ಇತ್ತು. ಬಾಂಬು ಬೀಳುವಾಗ ಜನ ಅದರೊಳಗೆ ಅಡಗುತ್ತಿದ್ದರು. ಜರ್ಮನ್ ಸೈನಿಕರೂ ಅಲ್ಲೇ ಇದ್ದರು, ಜೊತೆಗೆ ಮದ್ದುಗುಂಡು ಕೂಡ. ಸೆಪ್ಟೆಂಬರ್ 8ರ ರಾತ್ರಿ ಕಳೆದು 9ರ ಬೆಳಗು ಹರಿಯುವ ಮೊದಲು ಅದು ಸ್ಫೋಟಿಸಿತು. ಮುನ್ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಸತ್ತ ಜರ್ಮನರ ಸಂಖ್ಯೆ ಅದಕ್ಕಿಂತಲೂ ಜಾಸ್ತಿ. ಮುತ್ತಿಗೆ ಮುಗಿಯೋಕೆ ಇನ್ನು ಹತ್ತು ದಿನ ಬಾಕಿ ಇತ್ತು ಅಷ್ಟೆ.

ಇಷ್ಟೆಲ್ಲ ಮಾಡಿ ಗೆದ್ದ ಬಂದರು ಮಿತ್ರಪಡೆಗಳಿಗೆ ಕೆಲಸಕ್ಕೇ ಬರಲಿಲ್ಲ. ಅಷ್ಟು ಹಾಳಾಗಿತ್ತು. ಅಷ್ಟರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಕೂಡ ಕೈಗೆ ಸಿಕ್ಕಿತ್ತು. ಹಳೆಯ ಊರು ಪೂರ್ತಿ ಮಣ್ಣುಪಾಲಾಗಿತ್ತು, ಆದರೆ ಯಾವುದನ್ನು ಒಡೆಯಲು ಇಷ್ಟು ಬಾಂಬು ಹಾಕಿದರೋ ಆ ಬಂಕರ್ ಮಾತ್ರ ನಿಂತೇ ಇತ್ತು. ಈಗಲೂ ಇದೆ, ಫ್ರೆಂಚ್ ನೌಕಾನೆಲೆಯ ಒಳಗೆ. ಸಾಲದು ಎಂಬಂತೆ 1947ರ ಜುಲೈ 28ರಂದು ಅಮೋನಿಯಂ ನೈಟ್ರೇಟ್ ತುಂಬಿಕೊಂಡಿದ್ದ ಓಶನ್ ಲಿಬರ್ಟಿ ಎಂಬ ನಾರ್ವೆಯ ಹಡಗು ಇದೇ ಬಂದರಿನಲ್ಲಿ ಸ್ಫೋಟಿಸಿತು.

ಆ ದಿನಗಳಲ್ಲಿ ಬ್ರೆಸ್ಟ್‌ಗೆ ಬಂದವರಲ್ಲಿ ಅಮಾಂಡಾ ನೆಕ್ಟ್ ಒಬ್ಬರು. ಡೆನ್ವರ್‌ನ ಈಸ್ಟ್ ಹೈಸ್ಕೂಲಿನ ಟೀಚರ್. ಹಾಳಾದ ಊರು ನೋಡಿದರು, ವಾಪಸ್ ಹೋಗಿ ತಮ್ಮ ವಿದ್ಯಾರ್ಥಿಗಳಿಗೆ ಹೇಳಿದರು. ಮಕ್ಕಳು ದುಡ್ಡು ಕೂಡಿಸಲು ನಿಂತರು. ಡೈಮ್ ಅಂದರೆ 10 ಸೆಂಟಿನ ನಾಣ್ಯ. ಡೈಮ್ ಡೈಮ್ ಸೇರಿಸಿ 32,000 ಡಾಲರ್ ಮಾಡಿದರು. ಎಲ್ಲವೂ ಡೈಮ್‌ನಲ್ಲೇ ಇದ್ದರೆ 3,20,000 ನಾಣ್ಯ! ಡೆನ್ವರ್‌ನಲ್ಲೇ ಅಮೆರಿಕದ ಟಂಕಸಾಲೆ ಇದೆ. ಅಲ್ಲಿ ಅಚ್ಚಾದ ನಾಣ್ಯಗಳ ಮೇಲೆ ಊರಿನ ಹೆಸರಿನ ಮೊದಲ ಅಕ್ಷರ ‘ಡಿ’ ಇರುತ್ತೆ. ಮಕ್ಕಳು ಕೂಡಿಸಿದ್ದರಲ್ಲಿ ಬಹುಪಾಲು ಆ ಊರಿನದ್ದೇ ಸರಕು ಅಂದುಕೊಂಡರೆ ತಪ್ಪಾಗಲಿಕ್ಕಿಲ್ಲ. ಆ ಹಣ ಬ್ರೆಸ್ಟ್‌ನ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ಮತ್ತೆ ಕಟ್ಟಲು ಹೋಯಿತು. 1948ರಲ್ಲಿ ಎರಡೂ ನಗರಗಳು ಸಿಸ್ಟರ್ ಸಿಟಿಗಳಾದವು. ಅಮೆರಿಕದಲ್ಲಿ ಇದಕ್ಕಿಂತ ಹಳೆಯದೆಂದು ಹೆಸರು ಮಾಡಿರುವುದು ಒಹಾಯೊದ ಟೊಲೆಡೊ, ಸ್ಪೇನಿನ ಟೊಲೆಡೊ ಜೊತೆ 1931ರಲ್ಲಿ ಮಾಡಿಕೊಂಡ ಒಪ್ಪಂದ ಮಾತ್ರ.

ಈ ಕಥೆಯನ್ನು ಸಾಮಾನ್ಯವಾಗಿ ಮುದ್ದಾಗಿ ಹೇಳುತ್ತಾರೆ. ಮಕ್ಕಳು, ಚಿಲ್ಲರೆ ಕಾಸು, ಆಸ್ಪತ್ರೆ. ಆದರೆ ಊರನ್ನು ನೆಲಸಮ ಮಾಡಿದ್ದರಲ್ಲಿ ಅಮೆರಿಕದ ಫಿರಂಗಿಗಳ ಪಾಲು ದೊಡ್ಡದು ಅನ್ನೋದನ್ನು ಅಲ್ಲಿ ಹೇಳೋದು ಕಮ್ಮಿ. ಬ್ರೆಸ್ಟ್ ಜನಕ್ಕೆ ಅದು ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಕೊಂಡರು. ಅದಕ್ಕೆ ಹಳೆಯ ಕಾರಣವೂ ಇದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ಸೈನಿಕರು ಫ್ರಾನ್ಸಿಗೆ ಇಳಿದ ಮುಖ್ಯ ಬಂದರು ಇದೇ. ಲಕ್ಷಗಟ್ಟಲೆ ಜನ ಬಂದುಹೋದರು. 1918ರ ಜನವರಿ 1ರಂದು ನ್ಯೂಯಾರ್ಕಿನ ಹಾರ್ಲೆಮ್‌ನ ಕರಿಯ ಸೈನಿಕರ ಬ್ಯಾಂಡು ಜೇಮ್ಸ್ ರೀಸ್ ಯುರೋಪ್ ಮುಂದಾಳತ್ವದಲ್ಲಿ ಇಲ್ಲಿ ಇಳಿದು ಫ್ರೆಂಚ್ ರಾಷ್ಟ್ರಗೀತೆಯನ್ನೇ ತನ್ನ ಧಾಟಿಯಲ್ಲಿ ನುಡಿಸಿತು. ಅದೇ ವರ್ಷ ಬೇಸಿಗೆಯ ಕೊನೆಗೆ ಫ್ಲೂ ಮಹಾಮಾರಿಯ ಎರಡನೇ ಅಲೆ ತಲೆ ಎತ್ತಿದ ಜಾಗಗಳಲ್ಲೂ ಬ್ರೆಸ್ಟ್ ಒಂದು. ಬಂದರು ಅಂದಮೇಲೆ ಹಾಗೆಯೇ, ಬರೋದೆಲ್ಲ ಒಂದೇ ಬಾಗಿಲಿಂದ ಬರುತ್ತೆ.

ನನ್ನ ಪ್ರಕಾರ ಡೆನ್ವರ್ ನಂಟು ಗಟ್ಟಿಯಾಗಿದ್ದು ಸ್ನೇಹದ ಮಾತಿನಿಂದಲ್ಲ. ಒಂದು ನಿರ್ದಿಷ್ಟ ಕೆಲಸ ಇತ್ತು, ಆ ಕಡೆ ಒಂದು ಆಸ್ಪತ್ರೆ, ಈ ಕಡೆ ಒಂದು ಶಾಲೆ. ಒಪ್ಪಂದದ ಕಾಗದ ಆಮೇಲೆ ಬಂತು.

ಒಂದೇ ಕಸುಬಿನ ಊರುಗಳು

1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಇದನ್ನು ರಾಷ್ಟ್ರೀಯ ಕಾರ್ಯಕ್ರಮ ಮಾಡಿದರು. ಶೀತಲ ಸಮರದ ಕಾಲ ಅದು. ಜನರಿಂದ ಜನರಿಗೆ ನಂಟು ಅನ್ನೋದು ವಿದೇಶಾಂಗ ನೀತಿಯ ಒಂದು ಉಪಕರಣ ಆಯಿತು. ಯುರೋಪಿನಲ್ಲಿ ಅದಕ್ಕೂ ಮೊದಲೇ, 1950ರಲ್ಲಿ, ಫ್ರಾನ್ಸಿನ ಮೊಂಬೆಲಿಯಾರ್ ಮತ್ತು ಜರ್ಮನಿಯ ಲುಡ್‌ವಿಗ್ಸ್‌ಬರ್ಗ್ ಕೈಜೋಡಿಸಿದ್ದವು. ಯುದ್ಧ ಮುಗಿದು ಐದೇ ವರ್ಷಕ್ಕೆ ಫ್ರೆಂಚ್ ಮತ್ತು ಜರ್ಮನ್ ಊರುಗಳು ಹೀಗೆ ಮಾಡಿದ್ದು ಸಣ್ಣ ಮಾತಲ್ಲ.

ಬ್ರೆಸ್ಟ್ 1963ರಲ್ಲಿ ಪ್ಲಿಮತ್ ಜೊತೆ, 1964ರಲ್ಲಿ ಕೀಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಕೀಲ್ ಅಂದರೆ ಜರ್ಮನ್ ಜಲಾಂತರ್ಗಾಮಿಗಳು ತಯಾರಾಗುತ್ತಿದ್ದ ಊರು. ಅಲ್ಲಿ ಹುಟ್ಟಿದ ಜಲಾಂತರ್ಗಾಮಿಗಳು ಬ್ರೆಸ್ಟ್ ಬಂಕರಿನಲ್ಲಿ ತಂಗುತ್ತಿದ್ದವು. ಅವು ಇದ್ದಿದ್ದಕ್ಕೇ ಬ್ರೆಸ್ಟ್ ಮೇಲೆ ಬಾಂಬು ಬಿದ್ದದ್ದು. ಇಪ್ಪತ್ತು ವರ್ಷದ ಮೇಲೆ ಅದೇ ಊರಿಗೆ ಇವರ ಮಕ್ಕಳು ಜರ್ಮನ್ ಕಲಿಯಲು ಹೊರಟರು.

1970ರ ಯೊಕೊಸುಕಾ ಒಪ್ಪಂದಕ್ಕೆ ಇನ್ನೂ ಹಳೆಯ ಬೇರಿದೆ. ಬ್ರೆಸ್ಟ್ ನೌಕಾ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಲೆಯೋನ್ಸ್ ವೆರ್ನಿ ಎಂಬ ಫ್ರೆಂಚ್ ಇಂಜಿನಿಯರ್ 1865ರಿಂದ ಜಪಾನಿಗೆ ಯೊಕೊಸುಕಾ ಹಡಗುಕಟ್ಟೆಯನ್ನು ಕಟ್ಟಿಕೊಟ್ಟರು. ಅಲ್ಲಿ ಇವತ್ತಿಗೂ ವೆರ್ನಿ ಹೆಸರಿನ ಪಾರ್ಕ್ ಇದೆ. ಬೆಂಚಿನ ಮೇಲೆ ಕೂತರೆ ಎದುರಿಗೆ ಕಾಣೋದು ಜಪಾನಿನ ಮತ್ತು ಅಮೆರಿಕದ ಯುದ್ಧನೌಕೆಗಳು.

ಈ ಊರುಗಳ ನಡುವೆ ಮಾತಾಡಲು ವಿಷಯ ಇದ್ದೇ ಇರುತ್ತೆ. ನೌಕಾಪಡೆಯ ಊರಿನ ಮೇಯರ್‌ಗೆ ಬರುವ ತಲೆನೋವು ಇನ್ನೊಂದು ನೌಕಾಪಡೆಯ ಊರಿನವರಿಗೆ ಮಾತ್ರ ಅರ್ಥ ಆಗೋದು. ಊರಿನ ಒಳ್ಳೆಯ ದಡವೆಲ್ಲ ಗೋಡೆ ಹಿಂದೆ, ಉದ್ಯೋಗ ರಾಜಧಾನಿಯ ರಕ್ಷಣಾ ಬಜೆಟ್ ಮೇಲೆ. ಬ್ರೆಸ್ಟ್ ಕೊಲ್ಲಿಯ ಆಚೆ ದಡದ ಇಲ್ ಲೋಂಗ್‌ನಲ್ಲಿ ಫ್ರಾನ್ಸಿನ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆ ಇದೆ. ನಾಲ್ಕು ಜಲಾಂತರ್ಗಾಮಿ, ಅದರ ಸುತ್ತ ಸಾವಿರಾರು ಮನೆಗಳ ಸಂಬಳ.

ಇದೇ ಕಾರಣಕ್ಕೆ 2006ರ ಚಿಂಗ್‌ಡಾವೊ ಒಪ್ಪಂದ ಇವತ್ತು ಸ್ವಲ್ಪ ಇರುಸುಮುರುಸಿನದ್ದು. ಎರಡೂ ಊರು ಸಾಗರ ವಿಜ್ಞಾನಕ್ಕೆ ಹೆಸರುವಾಸಿ. ಬ್ರೆಸ್ಟ್‌ನಲ್ಲಿ ಫ್ರಾನ್ಸಿನ ಸಾಗರ ಸಂಶೋಧನಾ ಸಂಸ್ಥೆ ಇಫ್ರೆಮೆರ್ ಇದೆ. ಚಿಂಗ್‌ಡಾವೊದಲ್ಲಿ ಚೀನಾದ ದೊಡ್ಡ ಸಾಗರ ಸಂಸ್ಥೆಗಳಿವೆ. ಆದರೆ ಚೀನಾ ನೌಕಾಪಡೆಯ ಉತ್ತರ ವಿಭಾಗದ ಕೇಂದ್ರವೂ ಚಿಂಗ್‌ಡಾವೊನೇ. ಸಮುದ್ರದ ಉಪ್ಪು, ಶಾಖ, ನೀರಿನೊಳಗೆ ಶಬ್ದ ಹೇಗೆ ಹರಿಯುತ್ತೆ ಅನ್ನೋದು ಮೀನು ಅಧ್ಯಯನಕ್ಕೂ ಬೇಕು, ಜಲಾಂತರ್ಗಾಮಿ ಹುಡುಕೋಕೂ ಬೇಕು. 2006ರಲ್ಲಿ ಈ ಬಗ್ಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಒಪ್ಪಂದವನ್ನು ಹರಿದು ಹಾಕದೆಯೇ ಹುಷಾರಾಗಿ ದೂರ ಸರಿಯುವ ಕಾಲ. ಸಿಸ್ಟರ್ ಸಿಟಿ ಒಪ್ಪಂದಗಳು ಬಹಳಷ್ಟು ಸಾಯೋದು ಹೀಗೇ, ಸದ್ದಿಲ್ಲದೆ.

ಕಾನೂನು ಏನು ಹೇಳುತ್ತೆ

ಸಿಸ್ಟರ್ ಸಿಟಿ ಒಪ್ಪಂದ ಅಂತರರಾಷ್ಟ್ರೀಯ ಒಡಂಬಡಿಕೆ ಅಲ್ಲ. ಮುರಿದರೆ ಯಾವ ಕೋರ್ಟಿಗೂ ಹೋಗಲು ಆಗಲ್ಲ. ಆದರೆ ಫ್ರಾನ್ಸಿನಲ್ಲಿ ನಗರಗಳಿಗೆ ಈ ವಿಚಾರದಲ್ಲಿ ಒಳ್ಳೆಯ ಸ್ವಾತಂತ್ರ್ಯ ಇದೆ. 1992ರ ಕಾನೂನು ಪಾಲಿಕೆಗಳು ವಿದೇಶಿ ಪಾಲಿಕೆಗಳ ಜೊತೆ ನೇರ ಒಪ್ಪಂದ ಮಾಡಿಕೊಳ್ಳಬಹುದು ಅಂತ ಹೇಳಿತು. 2005ರ ಇನ್ನೊಂದು ಕಾನೂನು ತುಂಬಾ ಜಾಣತನದ್ದು: ನೀರು ಮತ್ತು ಒಳಚರಂಡಿ ಬಜೆಟ್ಟಿನ ಶೇ 1ರವರೆಗೆ ಹೊರದೇಶದ ನೀರಿನ ಕೆಲಸಕ್ಕೆ ಖರ್ಚು ಮಾಡಬಹುದು. ಅಂದರೆ ಫ್ರಾನ್ಸಿನ ಒಂದು ಊರಿನವರು ಕಟ್ಟುವ ನೀರಿನ ಬಿಲ್ಲಿನಿಂದ ಆಫ್ರಿಕಾದ ಒಂದು ಊರಲ್ಲಿ ಬೋರ್‌ವೆಲ್ ತೋಡಿಸಬಹುದು.

ಗಡಿಯೂ ಇದೆ. ದೇಶದ ವಿದೇಶಾಂಗ ಬದ್ಧತೆಗೆ ವಿರುದ್ಧ ಹೋಗುವಂತಿಲ್ಲ. ಅಜರ್‌ಬೈಜಾನ್‌ನಿಂದ ಬೇರೆಯಾಗಿ ತನ್ನದೇ ದೇಶ ಅಂತ ಹೇಳಿಕೊಂಡಿದ್ದ ನಾಗೋರ್ನೊ ಕರಾಬಾಖ್‌ನ ಊರುಗಳ ಜೊತೆ ಕೆಲವು ಫ್ರೆಂಚ್ ಊರುಗಳು ಸ್ನೇಹಪತ್ರ ಮಾಡಿಕೊಂಡಾಗ, ಫ್ರಾನ್ಸ್ ಆ ಪ್ರದೇಶವನ್ನು ದೇಶ ಅಂತ ಒಪ್ಪಿಲ್ಲ ಅನ್ನೋ ಕಾರಣಕ್ಕೆ ಆಡಳಿತ ನ್ಯಾಯಾಲಯಗಳು 2019ರಲ್ಲಿ ಅವನ್ನು ರದ್ದು ಮಾಡಿದವು. ನಮ್ಮಲ್ಲಿ ಈ ಪ್ರಶ್ನೆಯೇ ಬರಲ್ಲ. ಇಲ್ಲಿನ ಪಾಲಿಕೆ ಇಂಥ ಒಪ್ಪಂದ ಮಾಡಬೇಕಾದರೆ ಮೊದಲೇ ದಿಲ್ಲಿಯ ವಿದೇಶಾಂಗ ಸಚಿವಾಲಯದ ಒಪ್ಪಿಗೆ ಬೇಕು.

ನಮ್ಮ ಮಾತು ಬಂದಮೇಲೆ ಬೆಂಗಳೂರನ್ನೇ ನೋಡಿ. ವಿಧಾನಸೌಧದ ಹತ್ತಿರದ ಮಿನ್ಸ್ಕ್ ಸ್ಕ್ವೇರ್ ಸಿಗ್ನಲ್‌ನಲ್ಲಿ ದಿನಾ ಸಾವಿರಾರು ಜನ ನಿಲ್ಲುತ್ತಾರೆ. ಬೆಲಾರೂಸಿನ ರಾಜಧಾನಿ 1973ರಿಂದ ನಮ್ಮ ಸಿಸ್ಟರ್ ಸಿಟಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅತ್ತ ಮಿನ್ಸ್ಕ್‌ನಲ್ಲೂ ಬೆಂಗಳೂರಿನ ಹೆಸರಿನ ಒಂದು ಚೌಕ ಇದೆ. ಅಲ್ಲಿನ ಸರ್ಕಾರ ವಿರೋಧಪಕ್ಷದವರ ಮೆರವಣಿಗೆ, ಸಭೆಗಳನ್ನು ನಗರದ ನಡುವೆ ಬಿಡದೆ ಆ ಚೌಕದ ಕಡೆಗೆ ಕಳಿಸುತ್ತಿತ್ತು. ಹಾಗಾಗಿ ಬೆಲಾರೂಸಿನ ಪ್ರತಿಭಟನಾಕಾರರಿಗೆ ನಮ್ಮ ಊರಿನ ಹೆಸರು ಚೆನ್ನಾಗಿ ಪರಿಚಯ! ಒಪ್ಪಂದಕ್ಕೆ ಸಹಿ ಹಾಕಿದವರು ಇದನ್ನಂತೂ ಯೋಚಿಸಿರಲಿಕ್ಕಿಲ್ಲ.

ಬೆಂಗಳೂರಿನ ಇನ್ನೊಂದು ಸಿಸ್ಟರ್ ಸಿಟಿ ಸ್ಯಾನ್ ಫ್ರಾನ್ಸಿಸ್ಕೊ. ಅದಕ್ಕೆ ಜಪಾನಿನ ಒಸಾಕಾ ಜೊತೆ 1957ರಿಂದ ನಂಟಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ನೆನಪಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ರತಿಮೆ ನಿಂತಿತು. ಒಸಾಕಾ ಮೇಯರ್ 2018ರಲ್ಲಿ ಅರವತ್ತು ವರ್ಷದ ನಂಟನ್ನು ಒಂದು ಪತ್ರದಲ್ಲಿ ಮುಗಿಸಿದರು. ಎರಡು ಊರಿನ ಜನರ ನಡುವಿನ ಸಂಬಂಧವನ್ನು ಒಬ್ಬ ಮೇಯರ್ ಮುಗಿಸಲು ಆಗಲ್ಲ ಅಂತ ಸ್ಯಾನ್ ಫ್ರಾನ್ಸಿಸ್ಕೊದ ಆಗಿನ ಮೇಯರ್ ಲಂಡನ್ ಬ್ರೀಡ್ ತಿರುಗಿ ಹೇಳಿದರು. ಪ್ರಾಗ್ ನಗರ 2019ರಲ್ಲಿ ಬೀಜಿಂಗ್ ಜೊತೆಗಿನ ಒಪ್ಪಂದ ಬಿಟ್ಟಿತು. ‘ಒಂದೇ ಚೀನಾ’, ಅಂದರೆ ತೈವಾನ್ ಚೀನಾದ್ದೇ ಭಾಗ, ಎಂಬ ಷರತ್ತನ್ನು ನಗರದ ಒಪ್ಪಂದದಲ್ಲಿ ಯಾಕೆ ಇಟ್ಟಿದ್ದೀರಿ ಅನ್ನೋದು ಅವರ ತಕರಾರು. ಮುಂದಿನ ಜನವರಿಯಲ್ಲೇ ತೈವಾನಿನ ರಾಜಧಾನಿ ತೈಪೆ ಜೊತೆ ಸಹಿ ಹಾಕಿತು.

ಇಂಥ ಜಗಳಗಳು ಸುದ್ದಿ ಆಗುತ್ತವೆ. ಆದರೆ ಒಪ್ಪಂದ ಕಡಿದಿದ್ದರಿಂದ ಆ ಕಡೆಯ ಸರ್ಕಾರ ತನ್ನ ನೀತಿ ಬದಲಿಸಿದ್ದು ನನಗೆ ಕಂಡಿಲ್ಲ. ಹಾಗಂತ ಕಡಿಯಲೇಬಾರದು ಅಂತಲ್ಲ. ಆ ಕಡೆಯ ಮೇಯರ್ ತಾನೇ ಯುದ್ಧದ ತುತ್ತೂರಿ ಊದುತ್ತಿದ್ದರೆ ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳೋದು ಸರಿಯಲ್ಲ, ಅಲ್ವಾ? ಫೋಟೊ ನಿಲ್ಲಿಸೋದು ಬೇರೆ, ವಿದ್ಯಾರ್ಥಿಗಳ ಓಡಾಟ ನಿಲ್ಲಿಸೋದು ಬೇರೆ. ಬಹುತೇಕ ಪಾಲಿಕೆಗಳು ಈ ಎರಡನ್ನೂ ಒಂದೇ ಠರಾವಿನಲ್ಲಿ ಮುಗಿಸಿಬಿಡುತ್ತವೆ.

ಡೆನ್ವರ್ ಈಗ

ಡೆನ್ವರ್‌ನಲ್ಲಿ ಬ್ರೆಸ್ಟ್ ಹೆಸರಿನ ಪಾರ್ಕ್ ಇದೆ. ಬ್ರೆಸ್ಟ್‌ನಲ್ಲಿ ಡೆನ್ವರ್ ಹೆಸರಿನ ಬೀದಿ ಇದೆ. ಡೆನ್ವರ್‌ನ ಸಿಸ್ಟರ್ ಸಿಟಿ ಪಟ್ಟಿ ಈಗ ಉದ್ದವಾಗಿದೆ. ಚೆನ್ನೈ ಕೂಡ 1984ರಿಂದ ಅದರಲ್ಲಿದೆ. ಪ್ರತಿ ನಗರದ ನಂಟನ್ನೂ ಸ್ವಯಂಸೇವಕರ ಸಮಿತಿ ನೋಡಿಕೊಳ್ಳುತ್ತೆ. ಸಂಬಳದ ನೌಕರರು ಕಮ್ಮಿ, ಪಾಲಿಕೆಯ ಹಣವೂ ಕಮ್ಮಿ.

ಇದು ದೌರ್ಬಲ್ಯ ಅನ್ನಿಸಬಹುದು. ಆದರೆ 2025ರಲ್ಲಿ ಇದೇ ಬಲ ಆಯಿತು. ಅಮೆರಿಕದ ವಿದೇಶಾಂಗ ಇಲಾಖೆ 2022ರಲ್ಲಿ ನಗರ ಮತ್ತು ರಾಜ್ಯಗಳ ರಾಜತಾಂತ್ರಿಕ ಕೆಲಸಕ್ಕೆಂದೇ ಒಂದು ಘಟಕ ತೆರೆದಿತ್ತು. ಸರ್ಕಾರ ಬದಲಾದ ಮೇಲೆ ಅದು ಮುಚ್ಚಿತು. ಅಮೆರಿಕ ಮತ್ತು ಯುರೋಪಿನ ನಡುವೆ ಸುಂಕದ ಜಗಳ ನಡೆದು, ಜುಲೈನಲ್ಲಿ ಶೇ 15ರ ಸುಂಕಕ್ಕೆ ಬಂದು ನಿಂತಿತು. ಇದ್ಯಾವುದೂ ಬ್ರೆಸ್ಟ್ ಮತ್ತು ಡೆನ್ವರ್ ನಡುವಿನ ವಿದ್ಯಾರ್ಥಿ ವಿನಿಮಯಕ್ಕೆ ನೇರವಾಗಿ ತಟ್ಟುವಂಥದ್ದಲ್ಲ. ವಾಷಿಂಗ್ಟನ್ನಿನ ಹಣದ ಮೇಲೆ ನಿಂತಿಲ್ಲದ ಕೆಲಸವನ್ನು ವಾಷಿಂಗ್ಟನ್ ನಿಲ್ಲಿಸಲು ಆಗಲ್ಲ.

ಆದರೆ ಒಳಗಿನ ತೂಕ ಇಳಿದಿದೆ, ಅದನ್ನೂ ಹೇಳಬೇಕು. 1948ರ ಬ್ರೆಸ್ಟ್‌ಗೆ ಡೆನ್ವರ್ ಬೇಕಿತ್ತು. ಇವತ್ತಿನ ಬ್ರೆಸ್ಟ್‌ಗೆ ಡೆನ್ವರ್‌ನಿಂದ ಆಸ್ಪತ್ರೆ ಬೇಕಿಲ್ಲ. ಯುದ್ಧ ಕಂಡ ಪೀಳಿಗೆಯೂ ಹೊರಟುಹೋಗಿದೆ. ಉಳಿದಿರೋದು ಭಾಷೆ ಕಲಿಯುವ ಮಕ್ಕಳು, ಆಗಾಗ ಒಂದು ನಿಯೋಗ, ವಾರ್ಷಿಕೋತ್ಸವ. ಚೆಂದದ ನಂಟು, ಹಗುರವಾದ ನಂಟು.

ಸಪೊನೆ: ನಿಜವಾದ ಪರೀಕ್ಷೆ

ಬ್ರೆಸ್ಟ್‌ನ ಭಾರವಾದ ನಂಟು ಇವತ್ತು ಬೇರೆ ಕಡೆ ಇದೆ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ರಾಜಧಾನಿ ವಾಗಾಡುಗುವಿನ ದಕ್ಷಿಣಕ್ಕೆ ಸಪೊನೆ ಎಂಬ ಸಣ್ಣ ಊರು. 1989ರಿಂದ ಇದು ಬ್ರೆಸ್ಟ್‌ನ ಸಿಸ್ಟರ್ ಸಿಟಿ. ಬಂದರೂ ಇಲ್ಲ, ನೌಕಾಪಡೆಯೂ ಇಲ್ಲ. ಒಂದು ಲೆಕ್ಕಕ್ಕೆ ಇದು ಡೆನ್ವರ್ ಕಥೆಯನ್ನೇ ತಿರುಗಿಸಿ ಹಾಕಿದ ಹಾಗೆ: ಒಂದು ಕಾಲಕ್ಕೆ ಪಡೆದ ಊರು ಈಗ ಕೊಡುವ ಊರು.

ಬುರ್ಕಿನಾದಲ್ಲಿ 2022ರಲ್ಲಿ ಎರಡು ಸಲ ಸೇನಾಕ್ರಾಂತಿ ಆಯಿತು, ಜನವರಿಯಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಇನ್ನೊಂದು. ಎರಡನೆಯದರಲ್ಲಿ ಬಂದ ಕ್ಯಾಪ್ಟನ್ ಇಬ್ರಾಹಿಂ ಟ್ರಾವೊರೆ 2023ರ ಆರಂಭದಲ್ಲಿ ಫ್ರೆಂಚ್ ಪಡೆಗಳನ್ನು ಹೊರಗೆ ಕಳಿಸಿದರು. ಆ ಜುಲೈನಲ್ಲಿ ಪಕ್ಕದ ನೈಜರ್‌ನಲ್ಲಿ ನಡೆದ ಕ್ರಾಂತಿಯನ್ನು ಬುರ್ಕಿನಾ ಬೆಂಬಲಿಸಿತು. ಆಗಸ್ಟಿನಲ್ಲಿ ಫ್ರಾನ್ಸ್ ಬುರ್ಕಿನಾಕ್ಕೆ ಕೊಡುತ್ತಿದ್ದ ಅಭಿವೃದ್ಧಿ ನೆರವನ್ನೇ ನಿಲ್ಲಿಸಿತು.

ಜಗಳ ಪ್ಯಾರಿಸ್ ಮತ್ತು ವಾಗಾಡುಗುವಿನದ್ದು. ಪೆಟ್ಟು ಬಿದ್ದದ್ದು ಕೆಳಗೆ. ಫ್ರೆಂಚ್ ನಗರಗಳ ಇಂಥ ಯೋಜನೆಗೆ ಪಾಲಿಕೆ ಒಂದಿಷ್ಟು ಹಾಕುತ್ತೆ, ವಿದೇಶಾಂಗ ಸಚಿವಾಲಯ ಒಂದಿಷ್ಟು ಸೇರಿಸುತ್ತೆ. ಆ ಎರಡನೆಯ ಕೈ ಹಿಂದೆ ಸರಿದರೆ ಪಾಲಿಕೆ ಒಬ್ಬಂಟಿ. ಫ್ರಾನ್ಸ್ ತನ್ನ ಜನರಿಗೆ ಬುರ್ಕಿನಾಗೆ ಹೋಗಬೇಡಿ ಅಂತ ಸೂಚನೆ ಕೊಟ್ಟಿದೆ. ಅಲ್ಲಿಯವರಿಗೆ ಫ್ರಾನ್ಸಿನ ವೀಸಾ ಸಿಗೋದು ತೀರಾ ಕಷ್ಟ. ಕೆಲಸ ನಡೆದಿದೆಯಾ ಅಂತ ಹೋಗಿ ನೋಡೋಕೂ ಆಗಲ್ಲ, ಅವರು ಬಂದು ಹೇಳೋಕೂ ಆಗಲ್ಲ.

ಇದೆಲ್ಲದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದರ ಬಗ್ಗೆ ಚರ್ಚೆ ಕಮ್ಮಿ. 2022ರ ಮೊದಲ ಕ್ರಾಂತಿ ಆದ ಕೂಡಲೇ ಬುರ್ಕಿನಾದ ಚುನಾಯಿತ ಪಾಲಿಕೆಗಳನ್ನೆಲ್ಲ ವಿಸರ್ಜಿಸಿ, ಸರ್ಕಾರ ನೇಮಿಸಿದ ಆಡಳಿತ ಮಂಡಳಿಗಳನ್ನು ಕೂರಿಸಿದರು. ಅಂದರೆ ಬ್ರೆಸ್ಟ್ ಮೇಯರ್ ಫೋನ್ ಮಾಡಿದರೆ ಆ ಕಡೆ ಎತ್ತೋದು ಊರಿನ ಜನ ಆರಿಸಿದ ಮೇಯರ್ ಅಲ್ಲ, ಮೇಲಿಂದ ನೇಮಕವಾದ ಅಧಿಕಾರಿ. ಅವರು ಕೆಟ್ಟವರು ಅಂತಲ್ಲ. ಅವರು ಉತ್ತರ ಕೊಡಬೇಕಾದ್ದು ಸಪೊನೆಗಲ್ಲ, ಸರ್ಕಾರಕ್ಕೆ. ಊರಿಗೂ ಊರಿಗೂ ಅಂತ ಮಾಡಿದ ಒಪ್ಪಂದದಲ್ಲಿ ಒಂದು ಊರಿನ ದನಿಯೇ ಸಿಗದೆ ಹೋದರೆ ಉಳಿದ ಕಾಗದ ಯಾರ ಹೆಸರಿನಲ್ಲಿದೆ?

ಬ್ರೆಸ್ಟ್‌ನಂಥ ನಗರಕ್ಕೆ ಇಲ್ಲಿ ಸುಲಭದ ದಾರಿ ಅಂದರೆ ಪರಿಸ್ಥಿತಿ ಸರಿಹೋಗಲಿ ಅಂತ ಕಾಯೋದು. ಆದರೆ ಶಾಲೆ, ಬೋರ್‌ವೆಲ್, ಹೆರಿಗೆ ಕೋಣೆ ಇವು ಕಾಯಲ್ಲ. ಪಂಪ್ ಕೆಟ್ಟು ಎರಡು ವರ್ಷ ಆದರೆ ಅದು ಪಂಪ್ ಆಗಿ ಉಳಿಯಲ್ಲ. ಎರಡೂ ಊರಿನ ಸಂಘಗಳು ಪಾಲಿಕೆಗಳನ್ನು ಬಿಟ್ಟು ನೇರವಾಗಿ, ಸಣ್ಣ ಮೊತ್ತದಲ್ಲಿ, ಸ್ಥಳೀಯ ಮೇಷ್ಟ್ರು ಮತ್ತು ನರ್ಸ್‌ಗಳ ಮೂಲಕ ಕೆಲಸ ಮುಂದುವರಿಸೋದು ನನಗೆ ಹೆಚ್ಚು ಸರಿ ಕಾಣುತ್ತೆ. ಅದರಲ್ಲಿ ಅಪಾಯವೂ ಇದೆ. ಫ್ರಾನ್ಸಿನ ದುಡ್ಡು ಕೈಯಲ್ಲಿ ಹಿಡಿದವರ ಮೇಲೆ ಅಲ್ಲಿ ಈಗ ಅನುಮಾನದ ಕಣ್ಣು ಜಾಸ್ತಿ. ಆ ಅಪಾಯ ಬ್ರೆಸ್ಟ್‌ನಲ್ಲಿ ಕೂತವರದ್ದಲ್ಲ, ಸಪೊನೆಯಲ್ಲಿ ಇರುವವರದ್ದು. ಹಾಗಾಗಿ ಎಷ್ಟು ದೂರ ಹೋಗಬೇಕು ಅನ್ನೋದನ್ನು ತೀರ್ಮಾನಿಸುವ ಹಕ್ಕೂ ಅವರದ್ದೇ.